ನೆಡದ ಅರವತ್ತು ಬಳ್ಳಿ

ಬೀಜ ಪರೀಕ್ಷೆಯ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಎಣಿಕೆ ಅಕ್ಕ ಅಂತಲೇ. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಜೋಡಿಸಿ, ವಾರದ ನಂತರ ಎಷ್ಟು ಮೊಳೆತವು, ಎಷ್ಟು ಕೊಳೆತವು ಎಂದು ಎಣಿಸುವುದು ಆಕೆಯ ಕೆಲಸ. ಇಪ್ಪತ್ತೊಂದು ವರ್ಷದಲ್ಲಿ ಒಂದು ಬೀಜವೂ ಆಚೀಚೆ ಆಗಿರಲಿಲ್ಲ. ಹೊಸದಾಗಿ ಸೇರಿದವರು ತಮ್ಮ ತಟ್ಟೆ ಎಣಿಸಿ, "ಅಕ್ಕ, ಒಂದ್ಸಲ ನೋಡಿಬಿಡಿ" ಎಂದು ಆಕೆಯ ಮೇಜಿಗೆ ತರುತ್ತಿದ್ದರು.

ಮಗಳು ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟವೊಂದು ಆಕೆಗೂ ಅಂಟಿಕೊಂಡಿತು. ಗೆಲ್ಲುವುದು ಸೋಲುವುದು ಇಲ್ಲದ ಆಟ ಅದು. ಬಯಲು, ನದಿ, ಮಣ್ಣು ಕೊಟ್ಟು, ಏನು ಬೇಕಾದರೂ ಕಟ್ಟಿಕೋ, ಬೆಳೆದುಕೋ ಎಂದು ಬಿಟ್ಟುಬಿಡುತ್ತದೆ. ಮಗಳು ಕೋಟೆ ಕಟ್ಟಿ ಕಟ್ಟಿ ಬೇಸತ್ತಳು. ಅಮ್ಮ ಗಿಡಗಳ ಹಿಂದೆ ಬಿದ್ದಳು. ನೀರು ಎಷ್ಟು ದೂರವಿದ್ದರೆ ಗೋಧಿ ಒಣಗುತ್ತದೆ, ನೆರಳಲ್ಲಿ ಅಣಬೆ ಎಷ್ಟು ಹಬ್ಬುತ್ತದೆ ಎಂದು ನೋಡಲು, ಸಂಜೆ ಕಚೇರಿಯಿಂದ ಬಂದು ಕೈಕಾಲು ತೊಳೆದವಳೇ ಕೂತುಬಿಡುತ್ತಿದ್ದಳು. ತಿಳಿದದ್ದನ್ನು ಆಟಗಾರರ ಬಳಗದಲ್ಲಿ ಬರೆದು ಹಾಕುತ್ತಿದ್ದಳು. "ಅಕ್ಕ ಹೇಳಿದ್ದಾರೆ ಅಂದಮೇಲೆ ಮುಗೀತು" ಎನ್ನುವಷ್ಟು ಅಲ್ಲೂ ಹೆಸರು ಬಂತು.

ಆ ಆಟದಲ್ಲಿ ಕುಂಬಳದ ಬಳ್ಳಿ ತನ್ನ ಬುಡದ ನಾಲ್ಕು ಬದಿಗಳಲ್ಲಿ ಯಾವುದಾದರೂ ಒಂದು ಬದಿಗೆ ಕಾಯಿ ಬಿಡುತ್ತದೆ. ದೀಪ ಇಟ್ಟ ಬದಿಗೇ ಹೆಚ್ಚು ಬಿಡುತ್ತದೆಯೋ ಏನೋ ಎಂಬ ಅನುಮಾನ ಆಕೆಗೆ ಬಂತು. ನೂರು ಬಳ್ಳಿ ನೆಟ್ಟು ನೋಡಬೇಕೆಂದು ಹೊರಟು, ಪ್ರತಿ ಬಳ್ಳಿಯ ಒಂದು ಪಕ್ಕಕ್ಕೆ ದೀಪವಿಟ್ಟು ಮೊದಲು ನಲವತ್ತು ನೆಟ್ಟಳು. ನಾಲ್ಕರಲ್ಲೊಂದರ ಲೆಕ್ಕದಲ್ಲಿ ಹತ್ತು ಕಾಯಿ ದೀಪದ ಕಡೆಗೆ ಬರಬೇಕಾದಲ್ಲಿ ಹತ್ತೊಂಬತ್ತು ಬಂದವು. ಖುಷಿಯಲ್ಲಿ ಉಳಿದ ಅರವತ್ತು ನೆಡುವ ತಾಳ್ಮೆ ಉಳಿಯಲಿಲ್ಲ. "ನೂರು ಬಳ್ಳಿಯಲ್ಲಿ ನಲವತ್ತೆಂಟು" ಎಂದು ಪಟ್ಟಿ ಬರೆದು ಹಾಕಿಯೇಬಿಟ್ಟಳು. ಬಳಗದವರು ಹೊಗಳಿದ್ದೇ ಹೊಗಳಿದ್ದು. ಎಷ್ಟೋ ಜನ ಇದ್ದ ತೋಟ ಕಿತ್ತು ದೀಪದ ತೋಟ ಮಾಡಿಕೊಂಡರು.

ಅವರಲ್ಲೊಬ್ಬ ಲಾರಿ ಡ್ರೈವರ್, ಕಾಲು ಮುರಿದುಕೊಂಡು ಮೂರು ತಿಂಗಳಿಂದ ಮಂಚ ಹಿಡಿದವನು. ಆಟದೊಳಗೇ ಮಾತಾಡುವ ಅನುಕೂಲವಿತ್ತು. ಒಂದು ಸಂಜೆ ಅವನ ದನಿ ಕೇಳಿತು.

"ಅಕ್ಕ, ನೂರು ನೆಟ್ಟೆ. ಇಪ್ಪತ್ನಾಲ್ಕೇ ಬಂತು. ಎಲ್ಲಿ ತಪ್ಪಿದ್ದೀನಿ ಹೇಳ್ತೀರಾ?"

ಆಗಲೇ ನಿಜ ಹೇಳಬಹುದಿತ್ತು. ಆಕೆ ಹೇಳಿದ್ದು ಬೇರೆ. "ದೀಪ ಬುಡಕ್ಕೆ ತಾಗಿದ ಹಾಗೇ ಇಟ್ಟಿದ್ದೀರಾ? ಇನ್ನೊಂದ್ಸಲ ನೆಡಿ."

ನೆಟ್ಟ. ಇಪ್ಪತ್ತಾರು. "ನೀರು ದೂರ ಇರಬೇಕು" ಎಂದಳು. ಕಾಲುವೆ ತೋಡಿ ಮತ್ತೆ ನೆಟ್ಟ. ಇಪ್ಪತ್ತಮೂರು.

"ಬಿಡಿ ಅಕ್ಕ, ನನ್ನ ಕೈಗುಣವೇ ಸರಿಯಿಲ್ಲ," ಎಂದು ಅವನು ನಕ್ಕ. "ಸ್ಟೇರಿಂಗ್ ಹಿಡಿದ ಕೈ, ಬಳ್ಳಿಗೂ ಗೊತ್ತಾಗುತ್ತೆ. ಮಲಗಿದಲ್ಲೇ ಇದೊಂದಾದ್ರೂ ನೆಟ್ಟಗೆ ಮಾಡಬಾರದಾ ಅಂತ ಮನೆಯವಳೂ ಕೇಳ್ತಾಳೆ."

ಆ ನಗು ಕೇಳಿ ಆಕೆಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಸುಳ್ಳು ಬರೆದದ್ದು ಒಂದು. ಎರಡೆರಡು ಸಲ ಅವನ ಮೇಲೇ ತಪ್ಪು ಹೊರಿಸಿದ್ದು ಅದಕ್ಕಿಂತ ಹೆಚ್ಚು ಚುಚ್ಚಿತು. ಮರುದಿನ ಕಚೇರಿಯಲ್ಲಿ ಹೊಸ ಹುಡುಗಿ ತಟ್ಟೆ ಹಿಡಿದು ಬಂದಾಗ, "ನೀವೇ ಇನ್ನೊಂದ್ಸಲ ಎಣಿಸ್ಕೊಳ್ಳಿ" ಎಂದು ತಲೆ ತಗ್ಗಿಸಿದಳು. ಸಹಿ ಹಾಕಬೇಕಾದ ಕಾಗದ ಸಂಜೆಯವರೆಗೂ ಮೇಜಿನ ಮೇಲೆ ಹಾಗೇ ಬಿದ್ದಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಅಂಗಿ ಇಸ್ತ್ರಿ ಮಾಡುತ್ತಿದ್ದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಿನ್ನ ಕಥೆ. ಇಲ್ಲಿ ಯಾರೂ ಕಳ್ಳ ಅಂತ ಅಂದೇ ಇಲ್ವಲ್ಲ. ಆಟ ತಾನೆ?"

"ಅದೇ ಕಷ್ಟ," ಎಂದಳು. "ಅವನು ನನ್ನ ಬೈಲಿಲ್ಲ. ತನ್ನನ್ನೇ ಬೈಕೊಂಡ."

ಅಂದೇ ಡ್ರೈವರ್ ಆಟಕ್ಕೆ ಬಂದಾಗ ಹೇಳಿಬಿಟ್ಟಳು. "ನಾನು ನೆಟ್ಟದ್ದು ನಲವತ್ತೇ. ಉಳಿದ ಅರವತ್ತು ನೆಟ್ಟೇ ಇಲ್ಲ, ಮನಸ್ಸಿಗೆ ಬಂದದ್ದು ಬರೆದೆ. ನಿಮ್ಮ ಎಣಿಕೆಯೇ ಸರಿ. ದೀಪಕ್ಕೂ ಕಾಯಿಗೂ ಸಂಬಂಧವೇ ಇಲ್ಲ."



"ಮೊದಲನೇ ಸಲವೇ ಹೇಳಬಹುದಿತ್ತು ಅಕ್ಕ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಮುನ್ನೂರು ನೆಟ್ಟೆನಲ್ಲ."

"ತಪ್ಪಾಯ್ತು" ಎಂದಳು. ಅವನು "ಹೂಂ" ಎಂದ, ಅಷ್ಟೇ.

ಬಳಗದಲ್ಲೂ ಬರೆದಳು. ಹಲವರು ನಕ್ಕು ಸುಮ್ಮನಾದರು. ಒಬ್ಬರು, ಹಳೆಯ ಪಟ್ಟಿಗಳೂ ಹೀಗೆಯೇ ಏನು ಎಂದು ಕೇಳಿದರು. ಅಲ್ಲ ಎಂದು ಬರೆಯಹೊರಟವಳ ಕೈ ನಿಂತಿತು. ಈಗ ಅಲ್ಲ ಎಂದರೆ ಯಾರು ನಂಬಬೇಕು? ಗೋಧಿಯಿಂದ ಹಿಡಿದು ಅಣಬೆಯವರೆಗೆ ಎಲ್ಲವನ್ನೂ ಮತ್ತೆ ಮೊದಲಿನಿಂದ ನೆಡತೊಡಗಿದಳು. ಡ್ರೈವರ್ ಕಾಲು ಕೂಡಿ ಕೆಲಸಕ್ಕೆ ಹೋದನಂತೆ. ಮತ್ತೆ ಆಟಕ್ಕೆ ಬರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಪಟ್ಟಿಯನ್ನು ಯಾರುಯಾರೋ ನಕಲು ಮಾಡಿ ಎಲ್ಲೆಲ್ಲೋ ಹಾಕಿಕೊಂಡಿದ್ದಾರೆ. ಕಣ್ಣಿಗೆ ಬಿದ್ದಲ್ಲೆಲ್ಲ ಆಕೆ ಅದರ ಕೆಳಗೆ ಬರೆಯುತ್ತಾಳೆ: "ಇದು ಸುಳ್ಳು. ಬರೆದವಳು ನಾನೇ." ಮೊನ್ನೆ ಸಿಕ್ಕಿದ್ದು ಹದಿನಾರನೆಯದು. ಬರೆದು ಮುಗಿಸುವಷ್ಟರಲ್ಲಿ ಈಗಲೂ ಕಿವಿ ಬಿಸಿಯಾಗುತ್ತದೆ.