ಸರಳಮ್ಮನವರ ನಡುಗುವ ಪ್ಲೇಟು

ದೆಹಲಿಯ ಆರ್.ಕೆ.ಪುರಂನ ಸರಕಾರಿ ಕ್ವಾರ್ಟರ್ಸಿನಲ್ಲಿ ಇಂದುಶೇಖರರ ಮನೆ ಯಾವುದೆಂದು ಕೇಳಿದರೆ, ಜನ ನಂಬರು ಹೇಳುವ ಮೊದಲು "ಅಚ್ಛಾ, ಬಾಜೇವಾಲೇ ಸಾಬ್?", ಅಂದರೆ ಹಾಡುಪೆಟ್ಟಿಗೆ ಸಾಹೇಬರಾ, ಎನ್ನುತ್ತಿದ್ದರು. ಸೆಕ್ಷನ್ ಆಫೀಸರಾಗಿ ಅವರು ವರ್ಷಾನುಗಟ್ಟಲೆ ಫೈಲು ತಳ್ಳಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಆದರೆ ಕೆಂಪು ಕೋಟೆಯ ಹಿಂದೆ ಭಾನುವಾರ ಸೇರುವ ಹಳೇ ಸಾಮಾನಿನ ಸಂತೆಯಿಂದ ಕೀ ಕೊಡುವ ಗ್ರಾಮಫೋನುಗಳನ್ನು ಹೊತ್ತು ತಂದು, ಬಿಚ್ಚಿ, ಬೈದು, ಮತ್ತೆ ಜೋಡಿಸಿ ಹಾಡಿಸುವುದು ಇಡೀ ಬ್ಲಾಕಿಗೇ ಗೊತ್ತಿತ್ತು. ಬೈಯುವುದು ರಿಪೇರಿಯ ಒಂದು ಭಾಗ. ಆಫೀಸಿನಲ್ಲಿ ಜವಾನನಿಗೂ ಗದರದ ಈ ಮನುಷ್ಯ, ಕೈಜಾರಿದ ಒಂದು ಸ್ಕ್ರೂ ಸಿಗದಿದ್ದರೆ ಅದರ ವಂಶವನ್ನೇ ಜಾಲಾಡಿಬಿಡುತ್ತಿದ್ದರು. ಊಟದ ಮೇಜಿನ ಮೇಲೆ ಊಟ ಮಾಡಿ ಯಾವ ಕಾಲವಾಯಿತೋ ಎಂದು ಹೆಂಡತಿ ಇಂದಿರಮ್ಮ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಮುರಿದ ಯಂತ್ರಗಳ ಬಗ್ಗೆ ಇಂದುಶೇಖರರಿಗೆ ಅಂಥ ಸಿಟ್ಟಿರಲಿಲ್ಲ. ಮುರಿದದ್ದು ಮುರಿದಿದೆ ಎಂದು ಒಪ್ಪಿಕೊಳ್ಳುತ್ತದಲ್ಲ, ಅಷ್ಟು ಮರ್ಯಾದೆ ಅದಕ್ಕಿದೆ. ಅವರ ರಕ್ತ ಕುದಿಸುತ್ತಿದ್ದುದು ತಿರುಗುತ್ತಲೇ ಮೋಸ ಮಾಡುವ ಯಂತ್ರ. ತಟ್ಟೆ ಒಂದು ಗಳಿಗೆ ನಿಧಾನ, ಇನ್ನೊಂದು ಗಳಿಗೆ ಜೋರು. ಅದರ ಮೇಲಿನ ರೆಕಾರ್ಡು ಪ್ಲೇಟಿನಲ್ಲಿ ಎಂಥ ಘಟಾನುಘಟಿ ಹಾಡಿರಲಿ, ನೆಗಡಿ ಹಿಡಿದವರ ಹಾಗೆ ಕೇಳಿಸುತ್ತಿದ್ದರು.

ಎರಡು ಸಾವಿರದ ಆರರ ಜನವರಿ. ಎದುರಿನ ಬ್ಲಾಕು ಕಾಣದಷ್ಟು ಮಂಜಿದ್ದ ಒಂದು ಶನಿವಾರ ಬೆಳಿಗ್ಗೆ ಮುನಿರ್ಕಾದಿಂದ ಸರಳಮ್ಮ ಬಂದರು. ಕನ್ನಡ ಸಂಘದಲ್ಲಿ ಮುಖಪರಿಚಯವಿದ್ದ, ಎಪ್ಪತ್ತರ ಹತ್ತಿರದ, ಗಂಡನನ್ನು ಕಳೆದುಕೊಂಡ ಹೆಂಗಸು. ಹಿಂದೆ ಆಟೋದವನು ಗ್ರಾಮಫೋನಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದ. "ಭಯ್ಯಾ, ಆಹಿಸ್ತಾ, ಆಹಿಸ್ತಾ," ಎಂದು ದಾರಿಯುದ್ದಕ್ಕೂ ಹೇಳಿ ಹೇಳಿ ಸರಳಮ್ಮನ ಗಂಟಲು ಕಟ್ಟಿತ್ತು.

ಕಾಫಿ ಕುಡಿದ ಮೇಲೆ ವಿಷಯ ಹೊರಬಿತ್ತು. ಹುಡುಗಿಯಾಗಿದ್ದಾಗ ಬೆಂಗಳೂರಿಗೆ ಬಂದ ಒಂದು ಕಂಪನಿಯವರು ಅವರಿಂದ ದೇವರನಾಮ ಹಾಡಿಸಿ ಪ್ಲೇಟು ಮಾಡಿದ್ದರು. ಊರಿನಲ್ಲಿ ಎಲ್ಲರೂ ಹೊಗಳಿದವರೇ. ಮದುವೆಯಾಗಿ ಪ್ಲೇಟು, ಪೆಟ್ಟಿಗೆ ಸಮೇತ ದೆಹಲಿಗೆ ಬಂದರು. ಒಂದು ಡಿಸೆಂಬರಿನಲ್ಲಿ ದೆಹಲಿ ನೋಡಲು ಬಂದ ಭಾವನವರು ಅದನ್ನು ಕೇಳಿ, "ಧ್ವನಿ ನಡುಗುತ್ತಲ್ಲಮ್ಮ, ಶ್ರುತಿ ನಿಲ್ಲಲ್ಲ," ಎಂದರು. ಸುಳ್ಳೇನಲ್ಲ, ಎಳೆದು ಹಾಡಿದ ಕಡೆಯೆಲ್ಲ ನಡುಗುತ್ತಿತ್ತು. ಅಂದಿನಿಂದ ಸರಳಮ್ಮ ಆ ಪ್ಲೇಟನ್ನು ಮತ್ತೆ ಹಾಕಿರಲಿಲ್ಲ, ಆರತಿಗೂ ಬಾಯಿ ತೆರೆದಿರಲಿಲ್ಲ.

"ಈಗ ಸಂಘದವರು ಎಲ್ಲಿಂದಲೋ ವಿಷಯ ತಿಳ್ಕೊಂಡು, ಮುಂದಿನ ಭಾನುವಾರ ಸಂಕ್ರಾಂತಿ ಕೂಟದಲ್ಲಿ ಅದನ್ನ ಹಾಕ್ತೀವಿ ಅಂತ ಕೂತಿದ್ದಾರೆ," ಎಂದರು. "ನಡುಗೋದು ಯಂತ್ರಾನೋ ನಾನೋ, ಅದೊಂದು ಗೊತ್ತಾಗಬೇಕು ಇಂದುಶೇಖರ್ ಅವರೇ. ನಾನೇ ಆದ್ರೆ ಆ ಪ್ಲೇಟು ಒಡೆದು ಹಾಕ್ತೀನಿ."

"ಅದಕ್ಕೇನಂತೆ, ಪ್ಲೇಟು ತನ್ನಿ. ನನ್ನ ಹತ್ರ ಸರಿಯಾಗಿರೋ ಯಂತ್ರ ಇದೆ, ಈಗಲೇ ಹಾಕಿ ನೋಡೋಣ."

ಸರಳಮ್ಮ ಸೆರಗಿನ ಅಂಚನ್ನು ಸುಮ್ಮನೆ ಸುತ್ತಿ ಬಿಚ್ಚಿದರು. "ಬೇರೆ ಯಂತ್ರದಲ್ಲೂ ನಡುಗಿದ್ರೆ? ಇಷ್ಟು ವರ್ಷ ಯಂತ್ರದ ಮೇಲೆ ಸ್ವಲ್ಪನಾದ್ರೂ ಅನುಮಾನ ಇಟ್ಕೊಂಡೇ ಬದುಕಿದೀನಿ. ಮೊದಲು ಇದನ್ನ ಸರಿಮಾಡಿ. ಆಮೇಲೆ ಧೈರ್ಯ ಬಂದ್ರೆ ತರ್ತೀನಿ."

ಅವರು ಹೋದ ಮೇಲೆ ಇಂದುಶೇಖರರು ತಮ್ಮದೇ ಪ್ಲೇಟೊಂದನ್ನು ಹಾಕಿ ನೋಡಿದರು. ಯಂತ್ರ ನಡುಗುವುದು ನಿಜವೇ. ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಎಂಬ ಭಾಗದ ಮೇಲೆ ಅವರ ಅನುಮಾನ ಬಿತ್ತು. ಅದರ ಗುಂಡುಗಳನ್ನು ಹಿಡಿದ ತೆಳು ಪಟ್ಟಿಗಳಲ್ಲಿ ಒಂದು ಬಾಗಿತ್ತು. "ಸಿಕ್ಕಿಬಿದ್ದೆಯಾ ಕಳ್ಳ," ಎಂದು ಪಟ್ಟಿ ಬದಲಾಯಿಸಿ, ಗವರ್ನರಿಗೆ ತಡೆಯಾಗಿ ಒತ್ತುವ ಒಣಗಿದ ಚರ್ಮದ ತುಂಡಿಗೆ ಎಣ್ಣೆ ಕುಡಿಸಿ, ಮಧ್ಯಾಹ್ನ ಮಂಜು ಕರಗಿದಾಗ ಬಾಲ್ಕನಿಯ ಬಿಸಿಲಿನಲ್ಲಿ ಹಾಡಿಸಿದರು. ತಟ್ಟೆ ಚಿನ್ನದಂಥ ಮಗುವಿನ ಹಾಗೆ ತಿರುಗಿತು. ಸಂಜೆ ಒಳಗೆ ತಂದು ಹಾಕಿದರೆ ಮತ್ತೆ ಅದೇ ನೆಗಡಿ! ಮರುದಿನ ಬೆಳಿಗ್ಗೆ ಇನ್ನೂ ಹೆಚ್ಚು. ಇಂದುಶೇಖರರು ಅದನ್ನು ಮಾಡಿದ ಕಂಪನಿಯನ್ನೂ ಮಾರಿದ ಅಂಗಡಿಯನ್ನೂ ಬೈದು ಮುಗಿಸಿ, ಯಂತ್ರವನ್ನು ಮತ್ತೆ ಬಾಲ್ಕನಿಗೆ ತಂದು ತಲೆ ಹಿಡಿದುಕೊಂಡು ಕುಳಿತರು.

ಆಗ ಅವರಿಗೆ ಬೇರೆಯೇ ಒಂದು ಭಯ ಶುರುವಾಯಿತು. ಯಂತ್ರ ಸರಿಹೋಗಿಯೂ ಆ ಹುಡುಗಿಯ ಧ್ವನಿ ನಡುಗಿಬಿಟ್ಟರೆ? ಮುದುಕಿಗೆ ಉಳಿದಿರುವ ಒಂದೇ ಆಸೆಯನ್ನು ತಾವೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ಹಾಕಿದಂತಾಗುವುದಿಲ್ಲವೇ?

"ಇದು ರಿಪೇರಿ ಆಗಲ್ಲ ಅಂತ ವಾಪಸ್ ಕೊಟ್ಟುಬಿಡಲಾ ಇಂದಿರಾ? ಪಾಪ, ಅನುಮಾನ ಅನುಮಾನವಾಗೇ ಇರಲಿ."

"ಚೆನ್ನಾಗಿದೆ ರೀ! ಸುಳ್ಳು ಹೇಳಿ ಕಳಿಸೋದೂ ಒಂದು ರಿಪೇರಿನಾ?" ಎಂದರು ಇಂದಿರಮ್ಮ. "ಅವರು ಗೊತ್ತಾಗಬೇಕು ಅಂತ ತಾನೇ ಬಂದಿದ್ದು? ಏಳಿ, ಅದನ್ನ ಆ ಕಡೆ ಸರಿಸಿ. ನನ್ನ ಬಾಟ್ಲಿಗೆ ಬಿಸಿಲು ಬೀಳ್ತಿಲ್ಲ."

ಅಭ್ಯಂಜನಕ್ಕೆಂದು ಇಂದಿರಮ್ಮ ತಂದಿಟ್ಟ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಮೇಣದಂತೆ ಬೆಳ್ಳಗೆ ಗಟ್ಟಿಯಾಗಿತ್ತು. ದೆಹಲಿಯ ಚಳಿಗಾಲದಲ್ಲಿ ಕನ್ನಡದವರ ಮನೆಗಳಲ್ಲೆಲ್ಲ ನಿತ್ಯ ನಡೆಯುವ ಕೆಲಸವಿದು: ಎಣ್ಣೆಯನ್ನು ಬಿಸಿಲಿಗಿಟ್ಟು ಕರಗಲು ಕಾಯುವುದು. ಇಂದುಶೇಖರರು ಬಾಟಲಿಯನ್ನು ನೋಡಿದರು, ಯಂತ್ರವನ್ನು ನೋಡಿದರು. ಎರಡೂ ಅಕ್ಕಪಕ್ಕದಲ್ಲಿ ಬಿಸಿಲು ಕಾಯಿಸುತ್ತಿದ್ದವು. ಅವರು ಎದ್ದವರೇ ಫೋನಿಗೆ ಓಡಿದರು.

"ಸರಳಮ್ಮನವರೇ, ಇದಕ್ಕೆ ಯಾವ ಎಣ್ಣೆ ಬಿಡ್ತಿದ್ರಿ?"

"ಇನ್ಯಾವ ಎಣ್ಣೆ? ಊರಿಂದ ತರಿಸಿದ ಒಳ್ಳೇ ಕೊಬ್ಬರಿ ಎಣ್ಣೆ. ಪ್ರತಿ ದೀಪಾವಳಿಗೂ ತಪ್ಪದೆ ಬಿಡ್ತಿದ್ದೆ. ಯಾಕೆ?"

ಸುರುಳಿ ಸ್ಪ್ರಿಂಗಿರುವ ಡಬ್ಬಿಯನ್ನು ಬಿಚ್ಚಲು ಇಂದುಶೇಖರರಿಗೂ ಹೆದರಿಕೆಯೇ. ಸ್ಪ್ರಿಂಗು ಚಿಮ್ಮಿದರೆ ಬೆರಳು ಹೋದಂತೆ. ಕೈಗೆ ಗೋಣಿತಟ್ಟು ಸುತ್ತಿಕೊಂಡು, ದೇವರನ್ನೂ ಅಷ್ಟಿಷ್ಟು ಬೈದು ತೆಗೆದರು. ಅಡುಗೆಮನೆಯ ಕಮಟು ವಾಸನೆ ಮೂಗಿಗೆ ಬಡಿಯಿತು. ಪದರಪದರದ ನಡುವೆ ಎಣ್ಣೆ ಗಟ್ಟಿಯಾಗಿ ಅಂಟಿತ್ತು. ಸ್ಪ್ರಿಂಗು ಸಲೀಸಾಗಿ ಬಿಚ್ಚಿಕೊಳ್ಳುವ ಬದಲು ಅಂಟಿ, ಕಿತ್ತು, ಅಂಟಿ, ಕಿತ್ತು ಬರುತ್ತಿದ್ದುದು ಇದಕ್ಕೇ. ಸೀಮೆಎಣ್ಣೆಯಲ್ಲಿ ತೊಳೆದು ಸರಿಯಾದ ಗ್ರೀಸು ಹಚ್ಚಿದ ಮೇಲೆ ಯಂತ್ರ ಬೆಳಗಿನ ಕೊರೆಯುವ ಚಳಿಯಲ್ಲೂ ಒಂದೇ ಸಮ ತಿರುಗಿತು.

ಸರಳಮ್ಮ ಪ್ಲೇಟನ್ನು ಟವೆಲಿನಲ್ಲಿ ಸುತ್ತಿ ತಂದರು. ಇಂದುಶೇಖರರು ಕೀ ಕೊಟ್ಟು ಮುಳ್ಳು ಇಟ್ಟರು. ಇಂದಿರಮ್ಮನೂ ಸೇರಿ ಮೂವರೂ ಪೆಟ್ಟಿಗೆಯತ್ತ ಬಾಗಿದರು.

ಗರಗರ ಸದ್ದಿನೊಳಗಿನಿಂದ ಒಬ್ಬ ಹುಡುಗಿ ಹಾಡಲು ತೊಡಗಿದಳು. ಪಲ್ಲವಿ ನೆಟ್ಟಗೆ ನಿಂತಿತು. ಎಳೆದು ಹಾಡಿದ ಕಡೆಗಳೂ ಅಲುಗಲಿಲ್ಲ. ಇಂದಿರಮ್ಮನ ಕಣ್ಣು ತುಂಬಿತು. ಅಷ್ಟರಲ್ಲಿ ಚರಣದಲ್ಲಿ ಧ್ವನಿ ಮೇಲಕ್ಕೇರಿ, ತುದಿಯಲ್ಲಿ ಸಣ್ಣಗೆ ನಡುಗಿತು. ಇಂದುಶೇಖರರು ತಟ್ಟನೆ ವೇಗದ ಸ್ಕ್ರೂಗೆ ಕೈ ಹಾಕಿದರು.

ಸರಳಮ್ಮ ಅವರನ್ನು ತಡೆದರು. "ಬಿಡಿ. ಅದು ನಂದೇ." ಅವರು ನಗುತ್ತಿದ್ದರು, ಕಣ್ಣೀರು ಕೆನ್ನೆಗಿಳಿದಿದ್ದು ಅವರಿಗೇ ಗೊತ್ತಿರಲಿಲ್ಲ. "ಮೈಕ್ ಎಟುಕದೆ ಸ್ಟೂಲಿನ ಮೇಲೆ ನಿಲ್ಲಿಸಿದ್ರು. ಅಲ್ಲಿಗೆ ಬರೋ ಹೊತ್ತಿಗೆ ಸ್ಟೂಲು ಅಲ್ಲಾಡಿ ಹೆದರಿಬಿಟ್ಟೆ. ಈಗ ನೆನಪಾಗ್ತಿದೆ. ಅಷ್ಟೇ ರೀ ನಂದು. ಉಳಿದಿದ್ದೆಲ್ಲ ಎಣ್ಣೇದು!"

ಹಾಡು ಮುಗಿದಾಗ ತಾವೇ ಕೀ ಕೊಟ್ಟು ಮತ್ತೆ ಹಾಕಿದರು. ಚರಣ ಬಂದಾಗ ಪ್ಲೇಟಿನ ಜೊತೆ ಅವರ ಧ್ವನಿಯೂ ಎದ್ದಿತು. ಬಳಸದೆ ಒರಟಾದ, ಒಡಕಲು ಧ್ವನಿ. ಮೇಲೇರಿದಲ್ಲಿ ಹುಡುಗಿ ನಡುಗಿದಳು, ಅಜ್ಜಿ ನಡುಗಲಿಲ್ಲ.

"ಭಾನುವಾರ ಪ್ಲೇಟು ಹಾಕೋದು ಬೇಡ ಅಂತ ಸಂಘದವರಿಗೆ ಫೋನ್ ಮಾಡಿಬಿಡಿ ಇಂದುಶೇಖರ್ ಅವರೇ," ಎಂದರು ಸರಳಮ್ಮ.

"ಅಯ್ಯೋ, ಯಾಕೆ?"

"ನಾನೇ ಹಾಡ್ತೀನಿ."