ಇಟ್ಲಿ ರೊಟ್ಟಿಯ ಮನೆಯೊಡತಿ

ನನ್ನ ಮನೆಯೊಡತಿಗೆ ಹುಬ್ಬುಗಳಿರಲಿಲ್ಲ. ಭಟ್ಟಿಯ ಬಾಯಿಗೆ ಮುಖವಿಟ್ಟು ಬೆಂಕಿ ನೋಡಿ ನೋಡಿ ಅವು ಸುಟ್ಟುಹೋಗಿದ್ದವು. ತುಸು ಚಿಗುರಿದರೆ ಮುಂದಿನ ಭಾನುವಾರ ಮತ್ತೆ ಸುಡುತ್ತಿದ್ದವು. ಬೋಳು ಹಣೆಯ ಮೇಲೆ ಅಡ್ಡಡ್ಡ ವಿಭೂತಿ, ಅದರ ಕೆಳಗೆ ರೆಪ್ಪೆ ಮಿಟುಕಿಸದ ಎರಡು ಕಣ್ಣು. ಆ ಮುಖ ಸಿಟ್ಟಾಗಿದೆಯೋ ಇಲ್ಲವೋ ತಿಳಿಯುವುದು ಕಷ್ಟ. ಹೆಚ್ಚಾಗಿ ಸಿಟ್ಟಾಗಿಯೇ ಇರುತ್ತಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಆಕೆಯ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದೆ. ಅದಕ್ಕೆ ಮುಂಚೆ ಕುರುಗೋಡಿನ ಗಂಡನ ಮನೆಯಲ್ಲಿ ನನ್ನ ಎಡ ಮಣಿಕಟ್ಟು ಮುರಿದಿತ್ತು. ಮುರಿದವನು ಗಂಡ. ತವರಿಗೆ ಹೋದೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಮೂಳೆ ಕಟ್ಟಿಸಿದ, ಅದು ಸೊಟ್ಟಗೆ ಕೂಡುವವರೆಗೆ ಮನೆಯಲ್ಲಿಟ್ಟುಕೊಂಡ, ಆಮೇಲೆ "ಹೊಂದಿಕೊಂಡು ಹೋಗವ್ವ" ಎಂದು ಬಸ್ಸು ಹತ್ತಿಸಿದ. ಕುರುಗೋಡಿಗೆ ಬಸ್ಸು ಬದಲಿಸಬೇಕಾದ ಜಾಗದಲ್ಲಿ ನಾನು ಇಳಿಯಲಿಲ್ಲ. ಸೀದಾ ಬಳ್ಳಾರಿಗೆ ಬಂದುಬಿಟ್ಟೆ. ಮದುವೆಗೆ ಮುಂಚೆ ಟಿ.ಸಿ.ಎಚ್. ಮುಗಿಸಿದ್ದರಿಂದ ಒಂದು ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ಗಂಡನನ್ನು ಬಿಟ್ಟುಬಂದವಳಿಗೆ ಮನೆ ಮಾತ್ರ ಯಾರೂ ಕೊಡಲಿಲ್ಲ. ಕೊಟ್ಟವಳು ಈಕೆಯೊಬ್ಬಳೇ.

ಅದು ಕರುಣೆಯಿಂದ ಕೊಟ್ಟದ್ದಲ್ಲ. ಬಂದ ಮಾರನೇ ದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅಳುತ್ತಿದ್ದೆ. ಆಕೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು.

"ಏ ಟೀಚರಮ್ಮ, ಗಂಡನ್ನ ಬಿಟ್ಟು ಬಂದೀದಿ, ಛಲೋ ಆತು. ಆದ್ರ ನನ್ನ ಹಿತ್ತಲದಾಗ ಅಳಬ್ಯಾಡ. ಅಳಾಕ ಬೇಕಿದ್ರ ನಿಮ್ಮಪ್ಪನ ಮನಿ ಐತಿ, ಅಲ್ಲಿ ಹೋಗು."

ಅಂದಿನಿಂದ ನಾನು ಆಕೆಯನ್ನು ದ್ವೇಷಿಸತೊಡಗಿದೆ. ಅಳು ನಿಂತಿತು. ಆಕೆಯ ಎದುರು ಅಳಬಾರದೆಂಬ ಹಟ ಬಂದಿತ್ತು.

ಆಕೆಯ ಕಥೆಯನ್ನು ಓಣಿಯೇ ಹುಡುಕಿಕೊಂಡು ಬಂದು ನನಗೆ ಹೇಳಿತು. ಆಕೆಯ ಗಂಡ ಬ್ರೆಡ್ಡು ಮಾಡುವವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಳ್ಳಾರಿಯಲ್ಲಿ ಇಟಲಿಯ ಸೈನಿಕರನ್ನು ಸೆರೆಯಲ್ಲಿಟ್ಟಿದ್ದರಲ್ಲ, ಆ ಶಿಬಿರಕ್ಕೆ ಇವನ ಬ್ರೆಡ್ಡು ಹೋಗುತ್ತಿತ್ತು. ಸೆರೆಯಾಳುಗಳಲ್ಲಿ ಒಬ್ಬ ತನ್ನ ಊರಿನಲ್ಲಿ ರೊಟ್ಟಿ ಸುಡುವ ಕಸುಬಿನವನು. ಕಾವಲುಗಾರನ ಜೊತೆ ಇವರ ಮನೆಗೆ ಬಂದು ಹೋಗುವಷ್ಟು ಸಲಿಗೆಯಾಗಿ, ಹಿತ್ತಲಲ್ಲಿ ಇಟ್ಟಿಗೆ ಮಣ್ಣು ಕಲಸಿ ಗುಮ್ಮಟದಂಥ ಭಟ್ಟಿ ಕಟ್ಟಿದ. ಯುದ್ಧ ಮುಗಿದು ಅವನು ಹೋದ. ಕೆಲವು ವರ್ಷಕ್ಕೆ ಗಂಡನೂ ಸತ್ತ. ಎದುರು ಮನೆಯ ಮೈದುನನಿಗೆ ಅಣ್ಣನ ಮನೆಯ ಮೇಲೆ ಕಣ್ಣಿತ್ತು. ಅತ್ತಿಗೆಗೂ ಇಟಲಿಯವನಿಗೂ ಸಂಬಂಧವಿತ್ತೆಂದು ಅವನು ಹಬ್ಬಿಸಿದ. ಹಿರಿಯರು ಕೂಡಿದರು. ಆ ಭಟ್ಟಿಯನ್ನು ಒಡೆದು ಹಾಕು, ಹಿಂದಿನದೆಲ್ಲ ಮರೆಯುತ್ತೇವೆ ಎಂದರಂತೆ. ಆಕೆ ಒಡೆಯಲಿಲ್ಲ. "ನಾ ಮರೀಬೇಕಾದ್ದು ಏನೂ ಇಲ್ಲ" ಎಂದಳಂತೆ. ಅಲ್ಲಿಂದ ಓಣಿಯಲ್ಲಿ ಆಕೆಯ ಬಾವಿಯ ನೀರನ್ನು ಯಾರೂ ಮುಟ್ಟಲಿಲ್ಲ. ಹಿಂದಿನಿಂದ ಎಲ್ಲರೂ ಕರೆಯುತ್ತಿದ್ದುದು 'ಇಟ್ಲಿಯಾಕಿ' ಎಂದು.

ಆಕೆ ಇದಕ್ಕೆ ಕೊಟ್ಟ ಉತ್ತರವೆಂದರೆ ಪ್ರತಿ ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲು, ತಲೆಬಾಗಿಲು ಎರಡನ್ನೂ ಹಾರುಹೊಡೆದು ಭಟ್ಟಿ ಹೊತ್ತಿಸುವುದು. ಬಳ್ಳಾರಿ ಜಾಲಿಯ ಕಟ್ಟಿಗೆಯ ಹೊಗೆ ಓಣಿಗೆಲ್ಲ ನುಗ್ಗುತ್ತಿತ್ತು. ಅದರ ಹಿಂದೆಯೇ ಬೇಯುವ ಹಿಟ್ಟಿನ ವಾಸನೆ. ಓಣಿಯವರು ಅದನ್ನು 'ಇಟ್ಲಿ ರೊಟ್ಟಿ' ಎನ್ನುತ್ತಿದ್ದರು, ಆಕೆ 'ಪಿತ್ಸಾ' ಎನ್ನುತ್ತಿದ್ದಳು. ಈಗ ಪೇಟೆಯಲ್ಲಿ ಮಕ್ಕಳು ಹಟ ಮಾಡಿ ತಿನ್ನುವ ಪಿಜ್ಜಾ ಅದೇ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಆಕೆ ಎರಡು ಸುಡುತ್ತಿದ್ದಳು. ಒಂದನ್ನು ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕುಳಿತು ತಿನ್ನುತ್ತಿದ್ದಳು. ಇನ್ನೊಂದನ್ನು ಮೈದುನನ ಮನೆಗೆ ಎದುರಾಗಿರುವ ಗೋಡೆಯ ಮೇಲಿಟ್ಟು, ತಣ್ಣಗಾದ ಮೇಲೆ ಬೀದಿನಾಯಿಗಳನ್ನು ಕರೆದು ಹಾಕುತ್ತಿದ್ದಳು. "ಬರ್ರಿ, ನಿಮಗರ ನಿಯತ್ತೈತಿ" ಎಂದು ಎದುರು ಮನೆಗೆ ಕೇಳುವಂತೆ ಹೇಳುತ್ತಿದ್ದಳು. ತಿಂಗಳುಗಟ್ಟಲೆ ಆ ವಾಸನೆಯಲ್ಲಿ ನಾನು ಒಣ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಒಂದು ಚೂರನ್ನೂ ಆಕೆ ನನಗೆ ಕೊಡಲಿಲ್ಲ. ನಾಯಿಗೆ ಹಾಕುವವಳು ನನಗೆ ಕೊಡುವುದಿಲ್ಲವಲ್ಲ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಒಂದು ಭಾನುವಾರ ಅವರು ಬಂದರು. ನನ್ನ ಗಂಡ, ಅವನ ಅಣ್ಣ, ಜೊತೆಗೆ ನನ್ನ ಅಪ್ಪ. ನಾನಿರುವ ಜಾಗ ತಿಳಿಸಿದವನು ಎದುರು ಮನೆಯ ಮೈದುನನೇ. ಮೊದಲು ಅವನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು. ಆಮೇಲೆ ನಾಲ್ವರೂ ತಲೆಬಾಗಿಲಿನಿಂದ ಸೀದಾ ಹಿತ್ತಲಿಗೆ ಬಂದರು. ನಾನು ಬಾವಿಯ ಹತ್ತಿರ ಕೊಡ ತುಂಬುತ್ತಿದ್ದೆ.

"ಗಂಟು ಕಟ್ಟಿಕೋ. ಮಧ್ಯಾಹ್ನದ ಬಸ್ಸಿಗೆ ಹೋಗೋದೈತಿ," ಎಂದ ಗಂಡ. ಜೋರು ಮಾಡಲಿಲ್ಲ. ಆ ಮೆಲುದನಿ ನನಗೆ ಗೊತ್ತಿತ್ತು.

ನಾನು ಅಪ್ಪನನ್ನು ನೋಡಿದೆ. ಅಪ್ಪ ಬಾವಿಯ ರಾಟೆಯನ್ನು ನೋಡುತ್ತಿದ್ದ. "ಮರ್ಯಾದಿ ಪ್ರಶ್ನಿ ಐತವ್ವ," ಎಂದ. "ನಿನ್ನ ತಂಗಿ ಲಗ್ನ ಆಗಬೇಕು."

ನಾನು ಕೊಡ ಕೆಳಗಿಟ್ಟೆ. ಇನ್ನೊಂದು ಮಾತು ಬಂದಿದ್ದರೆ ಹೋಗಿಬಿಡುತ್ತಿದ್ದೆ ಎಂದು ಈಗಲೂ ಅನ್ನಿಸುತ್ತದೆ.

"ಯಾರು ಬಂದೋರು," ಎಂದಳು ಮನೆಯೊಡತಿ, ಭಟ್ಟಿಯೊಳಗಿಂದ ಮುಖ ತೆಗೆಯದೆ. "ಸ್ವಲ್ಪ ನಿಲ್ರಿ. ಒಳಗ ರೊಟ್ಟಿ ಐತಿ, ಸುಟ್ಟು ಹೋಗತೈತಿ."

ನಾಲ್ವರು ಗಂಡಸರು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ನಿಂತರು. ಆಕೆ ಉದ್ದ ಹಿಡಿಕೆಯ ಹಲಗೆಯನ್ನು ಒಳಗೆ ಜಾರಿಸಿ ರೊಟ್ಟಿಯನ್ನು ಹೊರಗೆಳೆದಳು. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪಾಗಿತ್ತು. ಟಮಾಟಿಯ ಕೆಂಪಿನ ನಡುವೆ ಬಿಳಿ ಗಿಣ್ಣು ಕರಗಿ ಕುದಿಯುತ್ತಿತ್ತು. ಅದರ ಮೇಲೆ ಕಾಮಕಸ್ತೂರಿ ಎಲೆ ಹರಿದು ಹಾಕಿ, ಚಾಕುವಿನಲ್ಲಿ ಕೊಯ್ದು, ಹಲಗೆಯ ಸಮೇತ ಅವರ ಮುಂದೆ ಹಿಡಿದಳು.

"ತಿನ್ರಿ. ಮನಿಗೆ ಬಂದೋರು. ತಿಂದ ಮ್ಯಾಲೆ ಮಾತಾಡೋಣ."

ಯಾರೂ ಕೈ ಚಾಚಲಿಲ್ಲ. ಗಂಡನ ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಮೈದುನ, "ಮುಟ್ಟಬ್ಯಾಡ್ರಿ. ಆಕಿ ಕೈದು ನಮ್ಮೋರು ಯಾರೂ ತಿನ್ನಂಗಿಲ್ಲ. ತಿಂದೋರನ್ನ ಸಮಾಜದ ಹೊರಗ ಇಡ್ತಾರ," ಎಂದ.

ಆಕೆ ಕಾಯುತ್ತಿದ್ದದ್ದು ಅದೇ ಮಾತಿಗೆ. ಹಲಗೆಯನ್ನು ಕೆಳಗಿಳಿಸಲಿಲ್ಲ.

"ಹೌದಲ್ಲ, ನಾ ಕೊಟ್ಟದ್ದು ನಿಮಗ ಮೈಲಿಗಿ. ಮತ್ತ ಈಕಿ ಬಂದಾಗಿಂದ ಕುಡಿಯೋದು ನನ್ನ ಬಾವಿ ನೀರು. ಈಕಿ ನಿಮಗ ಹೆಂಗ ಬೇಕಾದ್ಲು?" ಎಂದು ಗಂಡನನ್ನು ಕೇಳಿದಳು. "ಊರಾಗ ಕೇಳಿದ್ರ ಏನಂತೀರಿ?"

ಗಂಡ ಮೈದುನನ ಕಡೆ ನೋಡಿದ. ಮೈದುನ ಇಷ್ಟು ವರ್ಷ ಸಾಕಿದ್ದ ಸುಳ್ಳು ಅವನದೇ ಕಾಲಿಗೆ ಸುತ್ತಿಕೊಂಡಿತ್ತು. ಗಂಡನ ಅಣ್ಣ, "ನೀರಷ್ಟ ಅಲ್ಲೇನು, ಏನರ ಮಾಡಿ ಶುದ್ಧ ಮಾಡಿಸಬಹುದು," ಎಂದು ಗೊಣಗಿದ.

ಆಕೆ ಹಲಗೆಯನ್ನು ನನ್ನ ಕಡೆ ತಿರುಗಿಸಿದಳು. ಹುಬ್ಬಿಲ್ಲದ ಆ ಮುಖದಲ್ಲಿ ಪ್ರೀತಿಯೂ ಇರಲಿಲ್ಲ, ಒತ್ತಾಯವೂ ಇರಲಿಲ್ಲ.

ನಾನು ಒಂದು ತುಂಡು ತೆಗೆದು ಬಾಯಿಗಿಟ್ಟೆ. ಅಂಗುಳ ಸುಟ್ಟಿತು. ಕಣ್ಣಲ್ಲಿ ನೀರು ಬಂತು, ಉಗುಳಲಿಲ್ಲ. ಅಪ್ಪನನ್ನೇ ನೋಡುತ್ತ ಅಗಿದು ನುಂಗಿದೆ. ಇನ್ನೊಂದು ತೆಗೆದುಕೊಂಡೆ. ಮೊದಲು ಹೋದವನು ಗಂಡನ ಅಣ್ಣ. ಗಂಡ ಹೊಸಿಲು ದಾಟುವಾಗ ಒಂದು ಹೊಲಸು ಮಾತು ಆಡಿದ. ಅಪ್ಪ ಕೊನೆಗೆ ಹೋದ. "ನಿನ್ನ ಕೈಯಾರೆ ಮಾಡಿಕೊಂಡ್ಯವ್ವ," ಎಂದಷ್ಟೇ ಹೇಳಿದ. ಸಾಯುವವರೆಗೆ ಅವನು ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಅವರು ಹೋದ ಮೇಲೆ ನಾನು ಆಕೆಯ ಮೇಲೆ ಹರಿಹಾಯ್ದೆ. "ನನ್ನ ಒಂದು ಮಾತು ಕೇಳಲಿಲ್ಲ. ತವರು ದಾರೀನೂ ಮುಚ್ಚಿಸಿದ್ರಿ," ಎಂದೆ.

"ಬಾಯಿ ನಿಂದು, ಹಲ್ಲು ನಿಂದು. ನಾ ತುರುಕಿದ್ನೇನು?" ಎಂದಳು. ಬೂದಿ ಎಳೆಯುತ್ತಿದ್ದವಳು ತಲೆ ಎತ್ತಲೂ ಇಲ್ಲ. "ಮತ್ತ ನಿನಗೋಸ್ಕರ ಮಾಡೀನಿ ಅಂತ ತಿಳ್ಕೋಬ್ಯಾಡ. ಆ ಎದುರುಮನಿಯವನ ಮುಖ ಸಣ್ಣದಾಗೋದು ನೋಡಬೇಕಿತ್ತು. ನೋಡಿದೆ."

ಅದು ನಿಜವೆಂದೇ ನಾನು ಇವತ್ತಿಗೂ ನಂಬಿದ್ದೇನೆ.

ಮುಂದಿನ ಶನಿವಾರ ಸಂಜೆ ನನ್ನ ಕೋಣೆಯ ಮುಂದೆ ಮೈದಾ ಹಿಟ್ಟಿನ ಪರಾತ ತಂದು ಕುಕ್ಕಿದಳು. "ಕೊಟ್ಟು ತಿನಿಸಾಕ ನಾ ನಿಮ್ಮವ್ವ ಅಲ್ಲ. ಮಾಡಿಕೊಂಡು ತಿನ್ನು." ಹಿಂದಿನ ವಾರದ ಹಿಟ್ಟಿನಲ್ಲಿ ಒಂದು ಮುಷ್ಟಿಯನ್ನು ಆಕೆ ಹುಳಿಯಲು ಎತ್ತಿಟ್ಟಿರುತ್ತಿದ್ದಳು. ಅದನ್ನು ನೀರಿನಲ್ಲಿ ಕದಡಿ, ಮೈದಾ, ಉಪ್ಪು ಸೇರಿಸಿ ನಾದಬೇಕು. ಬೇರೇನೂ ಇಲ್ಲ. ನನ್ನ ಸೊಟ್ಟ ಮಣಿಕಟ್ಟು ನೋಯುತ್ತಿತ್ತು. ಗಂಡನ ಮುಖ ನೆನೆದು ಹಿಟ್ಟನ್ನು ಗುದ್ದತೊಡಗಿದೆ. ಆಕೆ ನನ್ನ ಕೈಮೇಲೆ ಹೊಡೆದಳು.

"ಸಿಟ್ಟಿಲೆ ನಾದಬ್ಯಾಡ, ಹಿಟ್ಟು ಬಿಗೀತೈತಿ. ಸಿಟ್ಟು ಬ್ಯಾರೆ ಕಡಿ ಇಟ್ಟುಕೋ. ಅದು ಮುಂದ ಬೇಕಾಗತೈತಿ."

ಹಾಗೆ, ಬೈಸಿಕೊಂಡೇ ಕಲಿತೆ. ಹಿಟ್ಟು ರಾತ್ರಿಯೆಲ್ಲ ಒದ್ದೆ ಬಟ್ಟೆಯ ಕೆಳಗೆ ಉಬ್ಬಬೇಕು. ಬೆಳಿಗ್ಗೆ ಎಮ್ಮೆಯ ಹಾಲನ್ನು ಉಗುರುಬೆಚ್ಚಗೆ ಮಾಡಿ, ಬಾವಿಯ ಪಕ್ಕದ ಅಂಜೂರದ ಹಸಿ ಟೊಂಗೆ ಮುರಿದು ಅದರಿಂದಲೇ ಕದಡಬೇಕು. ಟೊಂಗೆಯ ಹಾಲಿಗೆ ಎಮ್ಮೆಯ ಹಾಲು ಗಿಣ್ಣಿನಂತೆ ಹೆಪ್ಪಾಗುತ್ತದೆ. ಅದನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಬೇಕು. ಟಮಾಟಿಯನ್ನು ಬೇಯಿಸದೆ ಕೈಯಲ್ಲೇ ಹಿಸುಕಬೇಕು. ಉಳ್ಳಾಗಡ್ಡಿ, ಖಾರ ಹಾಕಿದರೆ ಆಕೆ ತಟ್ಟೆ ಎಸೆಯುತ್ತಿದ್ದಳು. ಇಟಲಿಯ ಎಣ್ಣೆ ಇಲ್ಲಿ ಸಿಗದು, ಶೇಂಗಾ ಎಣ್ಣೆಯೇ ಗತಿ. ಲಟ್ಟಣಿಗೆ ಮುಟ್ಟುವಂತಿಲ್ಲ. ನಡುವಿನಿಂದ ಅಂಚಿಗೆ ಬೆರಳಲ್ಲೇ ದೂಡುತ್ತ ಹೋಗಬೇಕು, ಅಂಚಿನ ಗಾಳಿ ಒಡೆಯಬಾರದು. ಭಟ್ಟಿಯ ನೆಲಕ್ಕೆ ಚಿಟಿಕೆ ಹಿಟ್ಟು ಎಸೆದರೆ ಅದು ಕಂದಾಗಬೇಕು. ಕಪ್ಪಾದರೆ ಕಾಯಬೇಕು. ರೊಟ್ಟಿ ಒಳಗೆ ಹೋದ ಮೇಲೆ ಬೇರೆ ಕಡೆ ನೋಡುವಂತಿಲ್ಲ, ಮಾತಾಡುವಂತಿಲ್ಲ.

ಒಂದು ಸಲ ನಾನು ಕೇಳಿಯೇ ಬಿಟ್ಟೆ, ಆ ಇಟಲಿಯವನ ಮಾತು ನಿಜವೇ ಎಂದು. ಆಕೆ ಟಮಾಟಿ ಹಿಸುಕುತ್ತಿದ್ದಳು.

"ಅವಗ ನನ್ನ ಹೆಸರು ಕರಿಯಾಕೂ ಬರ್ತಿರಲಿಲ್ಲ. ಅವ ನನ್ನ ಗಂಡಗ ಕಲಿಸಿದ, ಗಂಡ ನನಗ ಕಲಿಸಿದ. ಅಷ್ಟ."

"ಅದನ್ನ ಅವತ್ತೇ ಹೇಳಿದ್ರ ಓಣಿ ಸುಮ್ಮನಾಗತಿತ್ತಲ್ಲ?"

"ಯಾಕ ಹೇಳಬೇಕು?" ಎಂದಳು. "ಕೇಳಿದವರು ಯಾರು? ಕೂತು ತೀರ್ಪು ಕೊಟ್ರು. ಕೇಳದವರಿಗೆ ನಾ ಯಾಕ ಹೇಳಲಿ?"

ಎಂಬತ್ತರ ದಶಕದ ಆರಂಭದಲ್ಲಿ ಆಕೆಯ ಎದೆಗೆ ರೋಗ ಹತ್ತಿತು. ಆಸ್ಪತ್ರೆಯಲ್ಲಿ ನಾನು ಶಾಲೆ ಬಿಟ್ಟ ಮೇಲೆ ಹೋಗಿ ಕೂಡುತ್ತಿದ್ದೆ. ಕೈ ಹಿಡಿದರೆ ಕೊಡವುತ್ತಿದ್ದಳು. "ಗಂಜಿ ತಂದೀಯಲ್ಲ, ಇಟ್ಟು ಹೋಗು. ಮುಖ ಜೋಲು ಹಾಕಿ ಕೂಡಬ್ಯಾಡ," ಎನ್ನುತ್ತಿದ್ದಳು. ಒಂದು ಮುಂಜಾನೆ ಹೋಗಿಬಿಟ್ಟಳು.

ಹೆಣವನ್ನು ಮನೆಗೆ ತಂದೆವು. ಸಮಾಜದ ಹಿರಿಯರು ಮೈದುನನ ಕಟ್ಟೆಯ ಮೇಲೆ ಕೂಡಿ, ನನ್ನನ್ನು ಕರೆಸಿದರು. ಭಟ್ಟಿಯನ್ನು ಈಗಲಾದರೂ ಒಡೆಸಿದರೆ ಹೆಗಲು ಕೊಡಲು ಬರುತ್ತೇವೆ ಎಂದರು. ಬಾಡಿಗೆಯವಳು ನಾನು, ಒಪ್ಪಿದ್ದರೆ ಎಲ್ಲವೂ ಸುಲಭವಾಗಿ ಮುಗಿಯುತ್ತಿತ್ತು. ಆಕೆ ಬೇರೆ ಕಡೆ ಇಟ್ಟುಕೋ ಎಂದಿದ್ದ ಸಿಟ್ಟು ಆಗ ಕೈಗೆ ಬಂತು.

"ಬರಬ್ಯಾಡ್ರಿ," ಎಂದೆ. "ಬದುಕಿದ್ದಾಗ ಆಕಿ ನೀರು ಮುಟ್ಟದವರು ಈಗ ಆಕಿ ಹೆಣ ಮುಟ್ಟಬ್ಯಾಡ್ರಿ."

ಆಕೆಯ ಗಂಡನ ಜೊತೆ ಕೆಲಸ ಮಾಡಿದ್ದ ಒಬ್ಬ ಮುದುಕ ಹತ್ತಿರದ ಬೇಕರಿಯಲ್ಲಿದ್ದ. ಹೋಗಿ ಹೇಳಿದೆ. ಅವನು ಅಲ್ಲಿನ ಭಟ್ಟಿಯ ಮುಂದಿನ ಆಳುಗಳನ್ನೆಲ್ಲ ಎಬ್ಬಿಸಿಕೊಂಡು ಬಂದ. ಅಂಗಿಗೆ ಮೈದಾ ಮೆತ್ತಿದ್ದವರೇ ಹೆಗಲು ಕೊಟ್ಟರು, ಗುಂಡಿ ತೋಡಿದರು, ಮಣ್ಣು ಹಾಕಿದರು. ಓಣಿ ಬಾಗಿಲ ಸಂದಿಯಿಂದ ನೋಡಿತು.

ಮುಂದೆ ಆ ಮನೆ ಮೈದುನನಿಗೇ ಹೋಯಿತು. ಭಟ್ಟಿಯನ್ನು ಒಡೆಸಿದ. ನಾನು ಬೇರೆ ಕಡೆ ಕೋಣೆ ಹಿಡಿದೆ, ಕಡೆಗೆ ಒಂದು ಸ್ವಂತ ಸೂರು ಮಾಡಿಕೊಂಡು ಅದರ ಹಿತ್ತಲಲ್ಲಿ ಸಣ್ಣದೊಂದು ಭಟ್ಟಿ ಕಟ್ಟಿಸಿದೆ. ಆಕೆ ನನ್ನನ್ನು ಒಂದು ದಿನವೂ ಪ್ರೀತಿಸಲಿಲ್ಲ, ನಾನೂ ಪ್ರೀತಿಸಿದೆ ಎಂದು ಹೇಳಲಾರೆ. ಆದರೆ ಕುರುಗೋಡಿನ ಬಸ್ಸು ನನ್ನನ್ನು ಮತ್ತೆ ಕರೆದೊಯ್ಯದೆ ಹೋದದ್ದು ಆಕೆಯಿಂದ. ಹೆತ್ತವರೂ ಮಾಡದ್ದನ್ನು ಆಕೆ ಹಗೆ ತೀರಿಸಿಕೊಳ್ಳುತ್ತಲೇ ಮಾಡಿದಳು. ಆ ಋಣ ದೊಡ್ಡದು.

ಅವತ್ತು ಆಕೆಯನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ನಾನು ಒಬ್ಬಳೇ ಕಟ್ಟೆ ತೊಳೆಯುತ್ತಿದ್ದೆ. ಮೈದುನ ಎದುರು ಮನೆಯಿಂದ ದಾಟಿ ಬಂದು ನಿಂತ. ಅವನೂ ಮುದುಕನಾಗಿದ್ದ.

"ನಮ್ಮ ಅತ್ತಿಗಿ ಕಡೀಕ ನನ್ನ ಬಗ್ಗೆ ಏನರ ಅಂದ್ಲೇನವ್ವ?" ಎಂದ.

"ಇಲ್ರಿ. ನಿಮ್ಮ ಹೆಸರು ಬರಲಿಲ್ಲ."

"ಒಂದು ಮಾತೂ?"

"ಇಲ್ಲ."

ಅದು ನಿಜವೇ ಆಗಿತ್ತು. ಅವನು ಕಂಬ ಹಿಡಿದುಕೊಂಡ. ಬೈದಿದ್ದಳು ಎಂದು ಹೇಳಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಕುರುಗೋಡಿನಲ್ಲಿದ್ದ ಹಿಂದಿನ ನಾನಾಗಿದ್ದರೆ ಅವನನ್ನು ಕೂಡಿಸಿ, ಒಂದು ತಂಬಿಗೆ ನೀರು ಕೊಟ್ಟು, ಕ್ಷಮಿಸಿದ್ದಾಳೆ ಎಂದು ಸುಳ್ಳು ಹೇಳುತ್ತಿದ್ದೆ. ನಾನು ಬಕೆಟ್ಟು ಎತ್ತಿಕೊಂಡೆ.

"ಮೆಟ್ಟಿಲು ತೊಳಿಯೋದೈತಿ, ಸರೀರಿ," ಎಂದೆ.

ಅವನು ಸರಿದ. ಅವನು ನಿಂತಿದ್ದ ಜಾಗಕ್ಕೂ ನೀರು ಹಾಕಿದೆ.