ತಂಗಿ ತೋರಿಸಿದ ಕನ್ನ, ಅಕ್ಕ ಹಾಕಿದ ತೇಪೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಸಣ್ಣ ಕೋಣೆಯಲ್ಲಿ ನಾಲ್ಕು ಕಂಪ್ಯೂಟರುಗಳು ಒಟ್ಟಿಗೆ ಗುಂಯ್‌ಗುಡುತ್ತಿವೆ. ಊಟದ ಮೇಜೇ ಕೆಲಸದ ಮೇಜು. ಅದರ ಒಂದು ಕಾಲು ಗಿಡ್ಡವೆಂದು ಕೆಳಗೆ ಮಡಚಿದ ರಟ್ಟು ಇಟ್ಟಿದ್ದಾರೆ. ಮೇಜಿನ ಮುಂದೆ ನಿಂತ ಹೆಂಗಸು ಕೊನೆಯ ಕಂಪ್ಯೂಟರಿನ ಗುಂಡಿ ಒತ್ತಿ, ಕೈಕಟ್ಟಿ ಕಾಯುತ್ತಿದ್ದಾರೆ. ಪರದೆ ಕಪ್ಪಾಗಿದೆ. ಕಪ್ಪಾಗಿಯೇ ಇದೆ.

“ಎದ್ದೇಳಜ್ಜಿ, ಮಾನ ಕಳೀಬೇಡ,” ಎನ್ನುತ್ತಾರೆ.

ಅಜ್ಜಿ ಎಂದರೆ ಆ ಕಂಪ್ಯೂಟರು. ಮನೆಯಲ್ಲಿರುವ ಯಂತ್ರಗಳಲ್ಲೇ ಹಳೆಯದು. ಕೊನೆಗೂ ಅಕ್ಷರಗಳು ಮೂಡುತ್ತವೆ. ಈಕೆ ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, “ಇಷ್ಟೇರೀ ನನ್ನ ಕೆಲಸ. ಬೀಳಿಸೋದು, ಎಬ್ಬಿಸೋದು, ಮತ್ತೆ ಬೀಳಿಸೋದು,” ಎಂದು ಕುರ್ಚಿ ಎಳೆದುಕೊಳ್ಳುತ್ತಾರೆ.

ನಿಮ್ಮ ಫೋನು ‘ಅಪ್‌ಡೇಟ್ ಬಂದಿದೆ, ಹಾಕಲೇ?’ ಎಂದು ಕೇಳಿದಾಗ ನೀವು ಮುಖ ಸಿಂಡರಿಸಿ ‘ಆಮೇಲೆ’ ಎಂದು ಒತ್ತುತ್ತೀರಲ್ಲ, ಆ ಅಪ್‌ಡೇಟಿನ ಹೊಟ್ಟೆಯಲ್ಲಿ ಇಂಥವರ ಕೆಲಸ ಇರುತ್ತದೆ. ಫೋನಿರಲಿ, ಟಿಕೆಟ್ ಯಂತ್ರವಿರಲಿ, ಆಸ್ಪತ್ರೆಯಲ್ಲಿ ರೋಗಿಯ ನಾಡಿ ತೋರಿಸುವ ಪರದೆಯಿರಲಿ, ಒಳಗಡೆ ಎಲ್ಲಕ್ಕೂ ಯಜಮಾನಿಕೆ ಮಾಡುವ ಒಂದು ತಿರುಳಿದೆ. ಅದಕ್ಕೆ ಕರ್ನಲ್ ಎನ್ನುತ್ತಾರೆ. ಯಾವ ಪ್ರೋಗ್ರಾಮಿಗೆ ಎಷ್ಟು ಜಾಗ, ಯಾರು ಯಾವ ಬಾಗಿಲು ದಾಟಬಹುದು ಎಂದು ತೀರ್ಮಾನಿಸುವುದು ಅದೇ. ಅದರಲ್ಲಿ ಬಿರುಕು ಬಿಟ್ಟರೆ ಕಳ್ಳನಿಗೆ ಇಡೀ ಮನೆ ಸಿಕ್ಕಿದಂತೆ. ಬಿರುಕು ಮುಚ್ಚುವುದು ಈಕೆಯ ಕೆಲಸ. ಅದರಲ್ಲೂ ಹಳೆಯ ಕರ್ನಲ್‌ಗಳದ್ದು, ಎಂದರೆ ಬೇರೆಯವರು ಕೈತೊಳೆದುಕೊಂಡವು. ಜೊತೆಯಲ್ಲಿ ಕೆಲಸ ಮಾಡುವವರು ಇವರನ್ನು ‘ತೇಪೆ ಅಕ್ಕ’ ಎಂದೇ ಕರೆಯುತ್ತಾರೆ. ಹೊಸ ಕರ್ನಲ್‌ಗೆಂದು ಹೊಲಿದ ತೇಪೆಗಳು ದಿನಕ್ಕೆ ಮೂವತ್ತು ನಲವತ್ತು ಇವರ ಮೇಜಿಗೆ ಬರುತ್ತವೆ. ಹಳೆಯದಕ್ಕೆ ಬೇಕಾದ ಐದಾರನ್ನು ಆರಿಸಿ, ಅಳತೆಗೆ ತಕ್ಕಂತೆ ಕತ್ತರಿಸಿ ಕೂರಿಸಬೇಕು.

ಈ ಮನೆಯಲ್ಲಿ ಬೆಳಗಾಗೆದ್ದು ದುಡಿಯುವವರು ಇಬ್ಬರು. ಗಂಡ ಬಸ್ ಚಾಲಕ. ನಾನು ಬಂದಾಗ ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದವರು, “ಇವಳ ಕೆಲಸಾನೂ ನನ್ನ ಕೆಲಸಾನೂ ಒಂದೇ ಸರ್. ಚೆನ್ನಾಗಿ ಮಾಡಿದ್ರೆ ಯಾರಿಗೂ ಏನೂ ಆಗಲ್ಲ. ಏನೂ ಆಗದೇ ಇರೋದಕ್ಕೆ ಯಾರ್ ಬಂದು ಹಾರ ಹಾಕ್ತಾರೆ?” ಎಂದು ನಕ್ಕು ಇಳಿದುಹೋದರು.

ಹಾರದ ಮಾತು ಬಂದದ್ದೇ ತಡ, ತೇಪೆ ಅಕ್ಕನ ಮುಖ ಬದಲಾಗುತ್ತದೆ.

“ಹಾರ ಬೇಕಾದ್ರೆ ನನ್ನ ತಂಗಿ ಮನೆಗೆ ಹೋಗಿ. ಇಡೋಕೆ ಜಾಗ ಇಲ್ಲ ಅವಳಿಗೆ.”

ತಂಗಿಯನ್ನು ನೀವೂ ನೋಡಿರಬಹುದು. ಆಕೆಯದು ಬಿರುಕು ಹುಡುಕುವ ಕೆಲಸ. ಕಳ್ಳರಿಗಿಂತ ಮೊದಲು ಕನ್ನ ಕೊರೆದು, ಕೊರೆದ ಜಾಗವನ್ನು ಗುಟ್ಟಾಗಿ ತಿಳಿಸುವುದು. ಮುಚ್ಚಿದ ಮೇಲೆ ವೇದಿಕೆ ಹತ್ತಿ, ಹೇಗೆ ಹುಡುಕಿದೆ ಎಂದು ಹೇಳುವುದು. ಹುಡುಕಿದ ಬಿರುಕಿಗೆ ಚೆಂದದ ಹೆಸರಿಡುತ್ತಾಳೆ, ಚಿತ್ರ ಬರೆಸುತ್ತಾಳೆ. ಸಭಾಂಗಣಗಳಲ್ಲಿ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಈ ಪುರವಣಿಯ ಮುಖಪುಟದಲ್ಲೇ ಆಕೆ ಎರಡು ಸಲ ಬಂದಿದ್ದಾಳೆ.

“ಅವಳದ್ದು ಮುಖಪುಟ. ನಂದು ಎಷ್ಟನೇ ಪುಟದಲ್ಲಿ ಹಾಕ್ತೀರಿ?” ಎಂದು ನೇರವಾಗಿಯೇ ಕೇಳುತ್ತಾರೆ.

ಪದಬಂಧದ ಪಕ್ಕ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಮುಖಪುಟ ಬರೆಯುವ ಸಹೋದ್ಯೋಗಿಯನ್ನು ಕಂಡರೆ ನನಗೂ ಅಷ್ಟಕ್ಕಷ್ಟೇ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಬಹುಶಃ ಅದಕ್ಕೇ ಈ ಹೆಂಗಸು ನನಗೆ ಹಿಡಿಸಿದರು. ಎಲೆಮರೆಯ ಕಾಯಿಗಳನ್ನು ಹುಡುಕಿಕೊಂಡು ಹೋದರೆ ಎಲ್ಲರೂ ‘ಹೆಸರಿಗಾಗಿ ಮಾಡುವುದಿಲ್ಲ’ ಎಂದು ಕೈಮುಗಿಯುತ್ತಾರೆ. ಈಕೆಗೆ ಆ ಸೋಗಿಲ್ಲ.

“ಹೊಟ್ಟೆ ಉರಿಯುತ್ತೆ ಕಣ್ರೀ. ಒಂದೇ ಮನೇಲಿ ಬೆಳೆದ್ವಿ, ಒಂದೇ ಕಂಪ್ಯೂಟರ್‌ಗೆ ಜಗಳ ಆಡಿದ್ವಿ. ಅವಳು ಒಡೆಯೋಳು, ನಾನು ಜೋಡಿಸೋಳು. ಅಮ್ಮ ಇರೋದು ನನ್ನ ಜೊತೆ. ಆದ್ರೆ ಅಕ್ಕಪಕ್ಕದೋರಿಗೆ ತೋರಿಸೋದು ಅವಳ ವಿಡಿಯೋ. ನನ್ನ ಬಗ್ಗೆ ಕೇಳಿದ್ರೆ ‘ದೊಡ್ಡವಳು ರಿಪೇರಿ ಮಾಡ್ತಾಳೆ’ ಅಂತಾಳೆ. ಮಿಕ್ಸಿ ಕೆಟ್ಟಿದೆ ಅಂತ ತಗೊಂಡ್ ಬರ್ತಾರೆ ಜನ.”

ಉರಿಗೆ ತುಪ್ಪ ಸುರಿಯುವಂಥ ಪದ್ಧತಿಯೂ ಇವರ ಕಸುಬಿನಲ್ಲಿದೆ. ಪ್ರತಿ ತೇಪೆಯ ಜೊತೆ ಏನು ಸರಿಪಡಿಸಿದೆ ಎಂದು ಒಂದು ಸಾಲು ಬರೆಯಬೇಕು. ಬಿರುಕು ದೊಡ್ಡದಾದಷ್ಟೂ ಆ ಸಾಲು ಸಪ್ಪೆಯಾಗಿರಬೇಕು. ತೇಪೆ ಎಲ್ಲರ ಯಂತ್ರಕ್ಕೆ ತಲುಪುವ ಮೊದಲೇ ಕಳ್ಳರಿಗೆ ವಾಸನೆ ಬಡಿಯಬಾರದಲ್ಲ! ಊರಿಗೂರೇ ಉಳಿಯುವಂಥ ಕೆಲಸ ಮಾಡಿ ‘ಜಾಗ ಬಿಟ್ಟುಕೊಡುವ ಕ್ರಮದಲ್ಲಿ ಸಣ್ಣ ತಿದ್ದುಪಡಿ’ ಎಂದು ಬರೆಯುವುದರಲ್ಲಿ ತೇಪೆ ಅಕ್ಕನದು ಪಳಗಿದ ಕೈ. ಅದರ ಕೆಳಗೆ ಬಿರುಕು ಕಂಡುಹಿಡಿದವರ ಹೆಸರು ಹಾಕಬೇಕು. ಈ ಸಲ ಕಂಡುಹಿಡಿದವಳು ತಂಗಿ.

ಬಿರುಕು ಏನೆಂದು ಈಕೆ ಸರಳವಾಗಿ ಹೇಳುತ್ತಾರೆ: “ಬಾಡಿಗೆದಾರ ಮನೆ ಖಾಲಿ ಮಾಡ್ದ, ಆದ್ರೆ ಕೀಲಿ ವಾಪಸ್ ಕೊಡ್ಲಿಲ್ಲ ಅಂದ್ಕೊಳ್ಳಿ. ಆ ಮನೆಗೆ ಬೇರೆಯವರು ಬಂದ್ರು. ಇವನು ಹಳೇ ಕೀಲಿ ಹಾಕಿ ಒಳಗೆ ನುಗ್ತಾನೆ. ಒಂದು ಪುಟ್ಟ ಪ್ರೋಗ್ರಾಂ ಹೀಗೆ ನುಗ್ಗಿ ಇಡೀ ಯಂತ್ರಕ್ಕೇ ಯಜಮಾನ ಆಗ್ಬಹುದಿತ್ತು.”

ಹೊಸ ಕರ್ನಲ್‌ಗೆ ತೇಪೆ ಬೇಗ ಸಿದ್ಧವಾಯಿತು. ತಂಗಿಯ ಭಾಷಣಕ್ಕೆ ದಿನ ಗೊತ್ತಾಯಿತು. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಸಮ್ಮೇಳನ, ಆಕೆಗೆ ಮೊದಲ ದಿನದ ಮುಖ್ಯ ವೇದಿಕೆ. ಅಷ್ಟರೊಳಗೆ ಹಳೆಯದಕ್ಕೂ ತೇಪೆ ಹಾಕಿ ಮುಗಿಸುವುದಾಗಿ ಅಕ್ಕ ಒಪ್ಪಿಕೊಂಡರು. ತೇಪೆ ಕೂರಿಸಿದರು. ಒಂದಿಷ್ಟೂ ತಕರಾರು ಮಾಡದೆ ಕೂತುಕೊಂಡಿತು.

“ಅಲ್ಲೇ ನಾನು ಎಡವಿದ್ದು,” ಎಂದು ಅಜ್ಜಿಯ ತಲೆ ತಟ್ಟುತ್ತಾರೆ. “ತೇಪೆ ಮುನಿಸ್ಕೊಂಡ್ರೆ ನಾವು ಹುಷಾರಾಗ್ತೀವಿ. ಸಲೀಸಾಗಿ ಕೂತ್ರೆ ನಂಬಿಬಿಡ್ತೀವಿ. ಹೊಸ ಕರ್ನಲ್‌ನಲ್ಲಿ ಆ ಮನೆಗೆ ಒಂದೇ ಬಾಗ್ಲು. ಹಳೇದ್ರಲ್ಲಿ ಹಿತ್ತಲ ಬಾಗ್ಲೂ ಇತ್ತು. ನಾನು ಮುಂದಿನ ಬಾಗ್ಲಿಗೆ ಬೀಗ ಹಾಕಿ ಕೈ ಒರೆಸ್ಕೊಂಡಿದ್ದೆ.”

ಸಮ್ಮೇಳನ ಇನ್ನೇನು ಬಂತು ಎನ್ನುವಾಗ ಅನುಮಾನ ಹುಟ್ಟಿತು. ತಂಗಿ ಕೊಟ್ಟಿದ್ದ ಕನ್ನ ಕೊರೆಯುವ ಪ್ರೋಗ್ರಾಮನ್ನು ಸ್ವಲ್ಪ ತಿರುಗಿಸಿ ಅಜ್ಜಿಯ ಮೇಲೆ ಓಡಿಸಿದರು. ಹಿತ್ತಲಿಂದ ಸಲೀಸಾಗಿ ಒಳಗೆ ಹೋಯಿತು. ಇನ್ನು ತಂಗಿ ವೇದಿಕೆಯಲ್ಲಿ ಬಾಯಿಬಿಟ್ಟರೆ ಹಳೆಯ ಯಂತ್ರಗಳಷ್ಟೂ ಕಳ್ಳರ ಪಾಲು. ಹೊಸ ತೇಪೆ ಹೊಲಿದು ಪರೀಕ್ಷಿಸಲು ದಿನ ಸಾಲದು. ಭಾಷಣ ನಿಲ್ಲಿಸು ಎಂದು ತಂಗಿಗೆ ಹೇಳಬೇಕಾದವರು ಈಕೆಯೇ.

“ನಂಬ್ತೀರೋ ಇಲ್ವೋ, ಮೊದಲು ಖುಷಿಯಾಯ್ತು,” ಎಂದು ತಲೆ ತಗ್ಗಿಸುತ್ತಾರೆ. “ಅವಳ ಭಾಷಣ ನಿಲ್ಲುತ್ತೆ ಅಂತ. ಆಮೇಲೆ ಮೈ ಬೆವರಿತು. ನನಗೆ ಬೇಕಾದ ಉತ್ತರಾನೇ ಸಿಕ್ಕಿದೆಯಲ್ಲ, ಇದು ಯಂತ್ರ ಹೇಳ್ತಿರೋದೋ ನನ್ನ ಹೊಟ್ಟೆಕಿಚ್ಚು ಹೇಳ್ತಿರೋದೋ? ಇಡೀ ದಿನ ನನ್ನ ಪರೀಕ್ಷೆನೇ ತಪ್ಪು ಅಂತ ಸಾಬೀತು ಮಾಡೋಕೆ ಒದ್ದಾಡಿದೆ. ಅಜ್ಜಿನ ಅಳಿಸಿ ಮತ್ತೆ ಕೂರಿಸ್ದೆ. ಬೇರೆ ಯಂತ್ರದಲ್ಲಿ ಓಡಿಸ್ದೆ. ಎಲ್ಲ ಕಡೆ ಒಳಗೆ ಹೋಯ್ತು. ಆಮೇಲೇ ಫೋನ್ ಮಾಡಿದ್ದು.”

ತಂಗಿ ಕಿರುಚಾಡಿದಳಂತೆ. “ಆ ಗಂಟಲು ಕೇಳ್ಬೇಕಿತ್ತು ನೀವು, ಫೋನ್ ದೂರ ಹಿಡಿದ್ರೂ ಕೇಳ್ತಿತ್ತು. ‘ಅಕ್ಕಾ, ನಿಂಗೆ ಹೊಟ್ಟೆಕಿಚ್ಚು, ಮೊದಲಿಂದ್ಲೂ ಹೊಟ್ಟೆಕಿಚ್ಚು’ ಅಂದ್ಲು. ನಾನು ‘ಹೌದು ಕಣೇ, ಹೊಟ್ಟೆಕಿಚ್ಚೇ. ಆದ್ರೆ ಹಿತ್ತಲ ಬಾಗ್ಲು ತೆರೆದೇ ಇದೆ. ನೀನೇ ಓಡಿಸಿ ನೋಡು’ ಅಂದೆ. ಫೋನ್ ಇಟ್ಟಳು. ಸಂಜೆ ಒಂದೇ ಸಾಲು ಬಂತು: ‘ನೋಡ್ದೆ. ಭಾಷಣ ಬಿಟ್ಟೆ.’ ಅಷ್ಟೇ. ಆಮೇಲೆ ಮಾತೇ ಇಲ್ಲ.”

ಆ ವೇದಿಕೆ ಬೇರೆ ಯಾರಿಗೋ ಹೋಯಿತು. ಸಮ್ಮೇಳನ ಕಳೆದ ವಾರ ಮುಗಿಯಿತು. ಎರಡೂ ಬಾಗಿಲು ಮುಚ್ಚುವ ತೇಪೆ ಮೊನ್ನೆಯಷ್ಟೇ ಸಿದ್ಧವಾಗಿ, ಪರೀಕ್ಷೆಗಳನ್ನು ದಾಟಿ, ಇವತ್ತು ಬೆಳಗ್ಗೆ ಎಲ್ಲರಿಗೂ ಹೊರಡಬೇಕು. ಅಜ್ಜಿ ಎದ್ದದ್ದು ಕೊನೆಯ ಪರೀಕ್ಷೆ. ತೇಪೆ ಅಕ್ಕ ಎಂದಿನ ಸಪ್ಪೆ ಸಾಲು ಬರೆದು, ಅದರ ಕೆಳಗೆ ತಂಗಿಯ ಹೆಸರು ಒತ್ತುತ್ತಾರೆ. ಅಕ್ಷರ ಸರಿಯಿದೆಯೇ ಎಂದು ಎರಡು ಸಲ ನೋಡಿ ಕಳುಹಿಸುತ್ತಾರೆ. ಸದ್ದಿಲ್ಲ, ಸಡಗರವಿಲ್ಲ. ನನ್ನ ಕ್ಯಾಮೆರಾಗೆ ಸಿಕ್ಕಿದ್ದು ಒಂದು ಬೆರಳು, ಅಷ್ಟೆ.

ಬಿಸಿಲು ಮೇಜಿಗೆ ಬಂದು ಎಷ್ಟೋ ಹೊತ್ತಾದ ಮೇಲೆ ಒಳಗಿನಿಂದ ಅಮ್ಮ ಫೋನು ಹಿಡಿದು ಬರುತ್ತಾರೆ.

“ಇದ್ಯಾವುದೋ ಮತ್ತೆ ಕೇಳ್ತಿದೆ ಕಣೇ. ‘ಆಮೇಲೆ’ ಅಂತ ಒತ್ತಲಾ?”

“ಒತ್ಬೇಡ. ಕೊಡಿಲ್ಲಿ.”

ಫೋನು ಕಪ್ಪಾಗುತ್ತದೆ. ಅಮ್ಮನಿಗೆ ಸಿಟ್ಟು. “ಅವಳ ಭಾಷಣ ನೋಡ್ತಿದ್ದೆ, ಹೋದ ವರ್ಷದ್ದು. ಈ ವರ್ಷದ್ದಂತೂ ಇಲ್ವೇ ಇಲ್ಲ,” ಎಂದು ನನ್ನ ಕಡೆ ತಿರುಗುತ್ತಾರೆ. “ಗಂಟಲು ಕಟ್ಟಿತ್ತಂತಪ್ಪ. ಸ್ವರಾನೇ ಹೊರಡ್ತಿರ್ಲಿಲ್ಲವಂತೆ, ಅದಕ್ಕೇ ಹೋಗ್ಲಿಲ್ಲವಂತೆ. ಬಿಸಿನೀರು ಕುಡಿ ಅಂದ್ರೆ ಕೇಳಲ್ಲ ಅವಳು.”

ತೇಪೆ ಅಕ್ಕನ ಕೈ ಫೋನಿನ ಮೇಲೆ ಹಾಗೇ ನಿಲ್ಲುತ್ತದೆ. ತಂಗಿ ಅಮ್ಮನಿಗೆ ಏನು ಹೇಳಿರಬಹುದು ಎಂದು ವಾರವಿಡೀ ಬೈಗುಳಕ್ಕೆ ಬೆನ್ನೊಡ್ಡಿ ಕೂತಿದ್ದವರು ಇವರು. ಪರದೆಗೆ ಬೆಳಕು ಬರುತ್ತದೆ. ಅಮ್ಮ ಫೋನು ಕಿತ್ತುಕೊಂಡು, “ಎಲ್ಲ ಮೊದ್ಲಿದ್ದ ಹಾಗೇ ಇದೆಯಲ್ಲೇ, ಏನ್ ಮಾಡ್ತಾರೋ ಇವ್ರು,” ಎಂದು ಗೊಣಗುತ್ತಾ ಒಳಗೆ ನಡೆಯುತ್ತಾರೆ. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಚಪ್ಪಾಳೆಯ ಸದ್ದು ಕೇಳುತ್ತದೆ, ಹೋದ ವರ್ಷದ್ದು.

ತೇಪೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ದನಿ ತಗ್ಗಿಸಿ ಹೇಳುತ್ತಾರೆ:

“ನೋಡಿದ್ರಾ? ನಾನು ಅವಳ ವೇದಿಕೆ ತಪ್ಪಿಸ್ದೆ. ಅವಳು ನನ್ನ ಹೆಸರೂ ಎತ್ತದೆ, ಗಂಟಲು ಕಟ್ಟಿತ್ತು ಅಂದ್ಬಿಟ್ಲು. ಇದ್ರಲ್ಲೂ ಅವಳೇ ಮುಂದೆ. ಬರ್ಕೊಳ್ಳಿ, ಇದಕ್ಕೂ ನಂಗೆ ಹೊಟ್ಟೆಕಿಚ್ಚು.”